ಹಾಡು ಎತ್ತುವವಳು

“ಏಯ್, ಆ ಹಳದಿ ಹಿಡಿ ಸಲಿಕೆ ನಂದು, ಅದನ್ನ ಮಾತ್ರ ಮುಟ್ಬೇಡಿ! ಮಿಕ್ಕಿದ್ದು ಯಾವ್ದಾದ್ರೂ ತಗೊಳ್ಳಿ,” ಎಂದು ಕಥ್‌ಬರ್ಟ್ ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡೇ ಕೂಗಿದ. ಎಂಬತ್ತು ದಾಟಿದ ಮುದುಕ. ಮೈಮೇಲೆ ಕಪ್ಪು ಸೂಟು, ಎದೆಗೆ ನೇರಳೆ ಬಣ್ಣದ ಹೂ, ಕಾಲಿಗೆ ಮಾತ್ರ ಗಂಬೂಟು. ಇಂಗ್ಲೆಂಡಿನ ಹ್ಯಾಂಡ್ಸ್‌ವರ್ತ್ ಬಡಾವಣೆಯ ಜಮೈಕಾದವರಲ್ಲಿ ಯಾರೇ ತೀರಿಕೊಳ್ಳಲಿ, ಸಲಿಕೆಗಳು ಬರುವುದು ಅವನ ಕಾರಿನಲ್ಲೇ.

“ಸಲಿಕೆ ಏನು, ಮದುವೆ ಹೆಣ್ಣೇ? ಹಾಗೆ ಅಪ್ಪಿಕೊಂಡಿದೀಯಲ್ಲ,” ಎಂದಳು ಅಯೋನಿ. ಅವಳಿಗೂ ಅವನಷ್ಟೇ ವಯಸ್ಸು. ತಲೆಯ ಮೇಲೆ ಒಂದು ಗುಬ್ಬಿ ಸಂಸಾರ ಹೂಡಬಹುದಾದಷ್ಟು ದೊಡ್ಡ ಟೋಪಿ.

“ಐವತ್ತು ವರ್ಷ ಜೊತೆಗಿದೆ, ಒಂದಿನಾನೂ ಎದುರು ಮಾತಾಡಿಲ್ಲ. ಯಾವ ಹೆಣ್ಣು ಹಂಗಿರ್ತಾಳೆ ಹೇಳು!”

ಸುತ್ತ ನಿಂತವರೆಲ್ಲ ನಕ್ಕರು. ಬರ್ಮಿಂಗ್‌ಹ್ಯಾಮಿನ ಫೆಬ್ರುವರಿ ಬಿಸಿಲು ಹೆಸರಿಗೆ ಮಾತ್ರ ಇತ್ತು. ಆದರೂ ಸ್ಮಶಾನದ ಆ ಮೂಲೆಯಲ್ಲಿ ಇನ್ನೂರು ಜನ, ಟೋಪಿಗಳು, ಬಣ್ಣದ ಟೈಗಳು, ನಗು. ಶವಪೆಟ್ಟಿಗೆ ಇಳಿಸಿ, ಒಂದು ಹಿಡಿ ಮಣ್ಣು ಚೆಲ್ಲಿ, ಕಣ್ಣೊರೆಸಿಕೊಂಡು ಕಾರು ಹತ್ತುವುದು ಊರಿನ ಬಿಳಿಯರ ಪದ್ಧತಿ. ಇವರದು ಹಾಗಲ್ಲ. ಗುಂಡಿ ತುಂಬಿ, ದಿಬ್ಬ ತಟ್ಟಿ, ಹೂವು ಸಿಕ್ಕಿಸುವ ತನಕ ಯಾರೂ ಕದಲುವ ಹಾಗಿಲ್ಲ. ಗಂಡಸರದು ಸಲಿಕೆ, ಹೆಂಗಸರದು ಹಾಡು.

ಇವತ್ತು ಮಣ್ಣಾಗುತ್ತಿದ್ದವಳು ಬರ್ಡೆಲಾ ಟಲಕ್, ಎಲ್ಲರ ಬಾಯಲ್ಲಿ ಮಿಸ್ ಬರ್ಡಿ. ಹರೆಯವನ್ನೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಹಬೆಯಲ್ಲಿ ಕಳೆದಿದ್ದಳು, ಸಂಜೆ ಆಫೀಸುಗಳ ನೆಲ ಒರೆಸಿದ್ದಳು. ಮಗಳನ್ನು ಹೆಡ್‌ಮಿಸ್ ಮಾಡಿದ್ದಳು, ಮಗನನ್ನು ಸೇತುವೆ ಕಟ್ಟುವ ಇಂಜಿನಿಯರ್ ಮಾಡಿದ್ದಳು, ಮತ್ತು ಆ ಸಂಗತಿಯನ್ನು ಹಾಲಿನವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ ಕೋಳಿ ಸಾರು, ಅನ್ನ ಉಂಡು, ಸೋಫಾದ ಮೇಲೆ ಒರಗಿದವಳು ಏಳಲೇ ಇಲ್ಲ. ವಯಸ್ಸು ಎಪ್ಪತ್ತೊಂಬತ್ತು. ಇದಕ್ಕಿಂತ ಒಳ್ಳೆಯ ಸಾವು ಯಾರಿಗುಂಟು ಎಂದು ಜನ ತಮ್ಮ ಪದ್ಧತಿಯಂತೆ ಒಂಬತ್ತು ರಾತ್ರಿ ಅವಳ ಮನೆಯಲ್ಲಿ ಮೀನು ಹುರಿದು, ಡಾಮಿನೋ ಆಡಿ, ರಮ್ಮು ಕುಡಿದು, ಬೀದಿಗೆ ಕೇಳುವಂತೆ ನಕ್ಕಿದ್ದರು.

ಪೆಟ್ಟಿಗೆ ಕೆಳಗಿಳಿಯಿತು. ಪಾದ್ರಿ ಪುಸ್ತಕ ಮುಚ್ಚಿದರು. ಕಥ್‌ಬರ್ಟ್ ಅಂಗೈಗೆ ಉಗುಳಿಕೊಂಡು ಹಳದಿ ಹಿಡಿಯನ್ನು ಬಿಗಿಯಾಗಿ ಹಿಡಿದ. ಇನ್ನೈದು ಜನ ಕೋಟು ಬಿಚ್ಚಿ, ತೋಳು ಮಡಚಿ, ಮಣ್ಣಿನ ರಾಶಿಯ ಸುತ್ತ ನಿಂತರು.

ಆಮೇಲೆ ಏನೂ ಆಗಲಿಲ್ಲ.

ಯಾರೋ ಕೆಮ್ಮಿದರು. ಎಲ್ಲರ ಕಣ್ಣೂ ಗುಂಡಿಯ ತಲೆಯ ಕಡೆ, ಎಡಕ್ಕೆ, ಒಂದೇ ಜಾಗಕ್ಕೆ ಹೋದವು. ಎಷ್ಟೋ ವರ್ಷದಿಂದ ಯಾರ ಸಾವಿಗಾದರೂ ಮಿಸ್ ಬರ್ಡಿ ನಿಲ್ಲುತ್ತಿದ್ದ ಜಾಗ ಅದು. ಅಲ್ಲಿ ಹುಲ್ಲು ಮಾತ್ರ ಇತ್ತು.

“ಅಯ್ಯೋ ನನ್ನಪ್ಪಾ,” ಎಂದು ಅಯೋನಿ ಬಾಯಿಗೆ ಕೈ ಅಡ್ಡ ಹಿಡಿದಳು. “ಹಾಡು ಎತ್ತೋಳೇ ಒಳಗೆ ಮಲಗವ್ಳಲ್ರೋ!”

ಮಗ ಲಿನ್ವಲ್ ಅಕ್ಕನ ಕಡೆ ತಿರುಗಿದ. “ಮಾರ್ವಾ, ನೀನು ಯಾರಿಗೂ ಹೇಳಿರ್ಲಿಲ್ವಾ?”

“ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ.”

“ಬ್ರದರ್ ಕಥ್‌ಬರ್ಟ್ ಹೇಳಿರ್ತಾರೆ ಅಂತ ನಾನು…”

“ನಾನ್ಯಾಕಪ್ಪ ಹೇಳ್ಲಿ?” ಕಥ್‌ಬರ್ಟನಿಗೆ ನಿಜವಾಗಿಯೂ ಸಿಟ್ಟು ಬಂತು. “ಸಲಿಕೆ ನಂದು, ಹಾಡು ಬರ್ಡೀದು. ಯಾವತ್ತು ತಪ್ಪಿದೆ ಇದು? ಅವಳು ಬಂದೇ ಬರ್ತಾಳೆ ಅಂತ ನಾನು ಬಂದೆ!”

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಮೊದಲು ಅಯೋನಿ ಫಕ್ಕನೆ ನಕ್ಕಳು, ಆಮೇಲೆ ಎಲ್ಲರೂ. ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು. ಅಯೋನಿ ತನ್ನ ಚೀಲದಿಂದ ಕರವಸ್ತ್ರ ತೆಗೆಯಲು ಹೋದಾಗ ಕೈಗೆ ಸಿಕ್ಕಿದ್ದು ಕಾಗದದಲ್ಲಿ ಸುತ್ತಿದ ಶುಂಠಿಯ ತುಂಡು. ಹಾಡಿ ಹಾಡಿ ಗಂಟಲು ಕಟ್ಟಿದ ಬರ್ಡಿಗೆ ಕೊನೆಯಲ್ಲಿ ಅದನ್ನು ಕೊಡುವುದು ಅವಳ ಕೆಲಸ. ಇವತ್ತೂ ಬೆಳಿಗ್ಗೆ ಎದ್ದು, ಸಿಪ್ಪೆ ಹೆರೆದು, ಸುತ್ತಿಕೊಂಡು ಬಂದಿದ್ದಳು. ಅದನ್ನು ಮತ್ತೆ ಚೀಲದೊಳಕ್ಕೆ ತುರುಕಿದಳು.

ಮಾರ್ವಾಳಿಗೆ ನಗು ಬರಲಿಲ್ಲ. ತುಸು ದೂರದಲ್ಲಿ ಪುಟ್ಟ ಜೆಸಿಬಿಯೊಂದರ ಪಕ್ಕ ಸ್ಮಶಾನದ ಕೆಲಸಗಾರ ಡೆರೆಕ್ ಕಾಯುತ್ತಿದ್ದ. ಗೇಟು ಮುಚ್ಚುವ ಹೊತ್ತಿಗೆ ಗುಂಡಿ ತುಂಬಿರಬೇಕು, ಇಲ್ಲವಾದರೆ ಯಂತ್ರ ತುಂಬುತ್ತದೆ, ಅದು ನಿಯಮ. ನಾವೇ ತುಂಬುತ್ತೇವೆ ಎಂದು ಆಫೀಸಿನವರ ಹತ್ತಿರ ಹಟ ಹಿಡಿದು ಒಪ್ಪಿಸಿದ್ದವಳು ಮಾರ್ವಾಳೇ. ಊರವರನ್ನೆಲ್ಲ ಹಾಡಿ ಕಳಿಸಿದವಳ ಮೇಲೆ ಯಂತ್ರದ ಬಾಯಿಂದ ಮಣ್ಣು ಬಿದ್ದರೆ ತನ್ನ ಜೀವ ಇರುವ ತನಕ ಆ ಸದ್ದು ಕಿವಿಯಿಂದ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಡೆರೆಕ್ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ. “ಮೇಡಂ, ಬೇಜಾರು ಮಾಡ್ಕೋಬೇಡಿ. ಈಗ ಮಣ್ಣು ಹಾಕಿ, ಹಾಡು ಆಮೇಲೆ ಹೇಳ್ಬಹುದಲ್ವಾ? ಕತ್ತಲಾಗ್ತಾ ಬಂತು.”

ಕಥ್‌ಬರ್ಟ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ಹಾಡಿಲ್ದೆ ಮಣ್ಣು ಹಾಕೋದಾ? ಏನು, ಬೆಕ್ಕಿನ ಮರಿ ಹೂಳ್ತಿದೀವಾ ನಾವು?”

*

ಬರ್ಡಿಗೆ ಈ ಕೆಲಸವನ್ನು ಯಾರೂ ವಹಿಸಿರಲಿಲ್ಲ. ಅವಳು ಈ ದೇಶಕ್ಕೆ ಬಂದ ಮರುವರ್ಷದ ಚಳಿಗಾಲ ಅದು. ಐದು ವರ್ಷದ ಮಗಳನ್ನು ಜಮೈಕಾದಲ್ಲಿ ಅಜ್ಜಿಯ ಮಡಿಲಿಗೆ ಹಾಕಿ, ಗಂಡ ಕ್ಲಿಫ್ಟನ್ನನ ಹಿಂದೆ ಹಡಗು ಹತ್ತಿದ್ದಳು. ಒಂದೇ ಮನೆಯಲ್ಲಿ ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಒಲೆ. ಅಟ್ಟದ ಕೋಣೆಯಲ್ಲಿ ಆಷ್ಟನ್ ಎಂಬ ಹುಡುಗನಿದ್ದ, ಇಪ್ಪತ್ತರ ಪ್ರಾಯ, ಇನ್ನೂ ದಪ್ಪ ಕೋಟು ಕೊಂಡಿರಲಿಲ್ಲ. ನ್ಯುಮೋನಿಯಾ ಅವನನ್ನು ಒಂದು ವಾರದಲ್ಲಿ ಮುಗಿಸಿತು.

ಮಣ್ಣಿಗೆ ಹೋದವರು ನಾಲ್ಕೇ ಜನ. ಬರ್ಡಿ, ಕ್ಲಿಫ್ಟನ್, ಅಯೋನಿ, ಕಥ್‌ಬರ್ಟ್. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಗುಂಡಿ ತೋಡುವವರು ಬೇಗ ಮುಗಿಸುವ ಅವಸರದಲ್ಲಿ ಮಾತಿಲ್ಲದೆ ಮಣ್ಣು ಎಳೆಯತೊಡಗಿದರು. ಹೆಂಟೆಗಳು ಪೆಟ್ಟಿಗೆಯ ಮೇಲೆ ದಡದಡ ಬಿದ್ದವು. ಆ ಸದ್ದು ಕೇಳಲಾಗದೆ ಬರ್ಡಿ ಒಬ್ಬನ ಕೈಯಿಂದ ಸಲಿಕೆ ಕಿತ್ತು ಕಥ್‌ಬರ್ಟನ ಕೈಗೆ ಕೊಟ್ಟಳು.

“ಹಾಕು ನೀನು. ಇವನ ತಾಯಿ ಊರಲ್ಲಿದಾಳೆ, ಇವನಿಗೆ ಯಾರೂ ಇಲ್ವಾ ಅಂತ ಕೇಳಿದ್ರೆ ನಾನೇನು ಹೇಳ್ಲಿ?”

“ಹಾಡೋರು ಯಾರೇ?” ಎಂದ ಕಥ್‌ಬರ್ಟ್. “ನಿಮ್ಮಿಬ್ಬರಲ್ಲಿ ಯಾರಿಗೆ ಬರುತ್ತೆ?”

“ನಂಗಂತೂ ನಾಚಿಕೆ,” ಎಂದಳು ಅಯೋನಿ.

“ನಂಗಿಲ್ಲ,” ಎಂದಳು ಬರ್ಡಿ, ಮತ್ತು ಬಾಯಿ ತೆರೆದಳು.

ಅವಳ ಸ್ವರದ ಬಗ್ಗೆ ಒಳ್ಳೆಯ ಮಾತು ಹೇಳಿದವರು ಈವರೆಗೆ ಹುಟ್ಟಿಲ್ಲ. ಬೇಲಿಗೆ ಸಿಕ್ಕಿಕೊಂಡ ಮೇಕೆಗೂ ಅವಳಿಗೂ ಇದ್ದ ವ್ಯತ್ಯಾಸವೆಂದರೆ ಮೇಕೆಗೆ ಹಾಡಿನ ಮಾತು ಬರುತ್ತಿರಲಿಲ್ಲ. ಹಾಡು ಅವಳ ಊರಿನದು, ಹೊಳೆ ದಾಟುವಾಗ ಹೇಳುವಂಥದ್ದು.

ಆಚೆ ದಡದವರೇ, ದೀಪ ಎತ್ತಿ ಹಿಡಿಯಿರಿ,
ನಾನಿಲ್ಲಿದ್ದೇನೆ, ನನ್ನ ನೋಡಿರಿ.

ಎರಡನೇ ಸಾಲಿನಲ್ಲಿ ರಾಗ ಮೇಲಕ್ಕೇರಬೇಕು. ಬರ್ಡಿಯದು ಅಲ್ಲಿಯೇ ದಡಕ್ಕನೆ ಕೆಳಗೆ ಜಾರಿತು. ಅವತ್ತಷ್ಟೇ ಅಲ್ಲ, ಮುಂದೆ ಪ್ರತಿ ಸಲವೂ ಜಾರಿತು. ಚರ್ಚಿನ ಹಾಡುಗಾರರ ಸಾಲಿನಲ್ಲಿ ಅವಳನ್ನು ಕಂಬದ ಹಿಂದೆ ನಿಲ್ಲಿಸುತ್ತಿದ್ದರು. ಆದರೆ ಗುಂಡಿಯ ಮುಂದೆ ನಿಂತು ಮೊದಲು ಬಾಯಿ ತೆರೆಯುವ ಧೈರ್ಯ ಆ ಸಾಲಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅವಳು ಎತ್ತಿದಳು, ಜನ ಹಿಂದೆ ಹೇಳಿದರು. ಅವಳು ತಪ್ಪಿದ ಕಡೆ ಅವರೂ ತಪ್ಪಿದರು. ಐವತ್ತು ವರ್ಷದಲ್ಲಿ ಹ್ಯಾಂಡ್ಸ್‌ವರ್ತಿನ ಅಷ್ಟೂ ಜಮೈಕಾದವರಿಗೆ ಆ ಹಾಡು ತಪ್ಪಾಗಿಯೇ ಬಾಯಿಪಾಠವಾಯಿತು.

*

“ಕೆಜಾಯಾ ಹಾಡ್ತಾಳೆ!” ಎಂದು ಲಿನ್ವಲ್ ಹುರುಪಿನಿಂದ ಮಗಳನ್ನು ಮುಂದಕ್ಕೆ ತಂದ. ಕೆಜಾಯಾ ಸಂಗೀತದ ಕಾಲೇಜಿನಲ್ಲಿ ಕಲಿತವಳು, ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿದವಳು. ಮೊಮ್ಮಗಳ ಫೋಟೋ ಬಂದ ಪತ್ರಿಕೆಯನ್ನು ಬರ್ಡಿ ಮೀನಿನಂಗಡಿಯವನಿಗೂ ತೋರಿಸಿದ್ದಳು. ಎಲ್ಲರಿಗೂ ಸಮಾಧಾನವಾಯಿತು. ಇಷ್ಟು ಹೊತ್ತು ಇದು ಹೊಳೆಯಲೇ ಇಲ್ಲವಲ್ಲ ಎಂದರು.

ಕೆಜಾಯಾ ಆ ಎಡಗಡೆಯ ಜಾಗದಲ್ಲಿ ನಿಂತು, ಕಣ್ಣು ಮುಚ್ಚಿ, ಅಜ್ಜಿಯ ಹಾಡನ್ನೇ ಎತ್ತಿದಳು. ಎಂಥ ಸ್ವರ ಅದು! ಮರದ ಮೇಲಿನ ಕಾಗೆಗಳೂ ಸುಮ್ಮನಾದವು. ಡೆರೆಕ್ ತಲೆ ಬಗ್ಗಿಸಿದ. ಹಿಂದಿನವರು ಫೋನುಗಳನ್ನು ಎತ್ತಿ ಹಿಡಿದು ಚಿತ್ರ ತೆಗೆಯತೊಡಗಿದರು. ಎರಡನೇ ಸಾಲು ಬಂತು. ಕೆಜಾಯಾ ಸರಿಯಾದ ಜಾಗದಲ್ಲಿ, ಸರಿಯಾಗಿ, ಮೇಲಕ್ಕೇರಿದಳು. ಇನ್ನೂರು ಜನ ಅಭ್ಯಾಸದಂತೆ ಕೆಳಗೆ ಜಾರಿದರು. ಎರಡೂ ಡಿಕ್ಕಿ ಹೊಡೆದು ಹಾಡು ಅಲ್ಲೇ ಮುಗ್ಗರಿಸಿತು.

“ಇನ್ನೊಂದ್ಸಲ, ಕಂದಾ,” ಎಂದಳು ಅಯೋನಿ.

ಇನ್ನೊಂದು ಸಲವೂ ಹಾಗೇ ಆಯಿತು. ಮೂರನೇ ಸಲ ಜನ ನಾಚಿ ಬಾಯಿ ಮುಚ್ಚಿಕೊಂಡರು. ಆಗ ಅವಳೊಬ್ಬಳ ಹಾಡು ತೇಲಿ ಹೋಯಿತು. ಕೇಳುತ್ತಾ ನಿಂತವರ ಕೈಯಲ್ಲಿ ಸಲಿಕೆಗಳೂ ನಿಂತೇ ಇದ್ದವು.

ಲಿನ್ವಲ್ ಪಿಸುಗುಟ್ಟಿದ. “ಬ್ರದರ್, ಮಣ್ಣು ಹಾಕಿ.”

“ಹೆಂಗಪ್ಪ ಹಾಕ್ಲಿ?” ಕಥ್‌ಬರ್ಟನ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಇಷ್ಟ್ ಚೆನ್ನಾಗಿ ಹಾಡಿದ್ರೆ ಕೈ ಏಳುತ್ತಾ? ಇದು ಕುರ್ಚಿ ಮೇಲೆ ಕೂತು ಕೇಳೋ ಹಾಡು.”

ಕೆಜಾಯಾ ತಾನೇ ನಿಲ್ಲಿಸಿದಳು. ಬೇಸರ ಮಾಡಿಕೊಳ್ಳದೆ ಮಾರ್ವಾಳ ಕಡೆ ತಿರುಗಿ ನಕ್ಕು, “ಅಜ್ಜಿ ಹಾಡ್ದಂಗೆ ಹಾಡೋಕೆ ನಂಗೆ ಬರಲ್ಲ ಅತ್ತೆ. ಎಷ್ಟು ಪ್ರಯತ್ನಪಟ್ಟೆ ಗೊತ್ತಾ? ಅಲ್ಲಿಗೆ ಬಂದ ತಕ್ಷಣ ಸ್ವರ ತಾನಾಗೇ ಮೇಲೆ ಹೋಗಿಬಿಡುತ್ತೆ,” ಎಂದಳು.

ಬೇಲಿಯ ಆಚೆ ಬೀದಿದೀಪ ಹೊತ್ತಿಕೊಂಡಿತು. ಡೆರೆಕ್ ಮಾರ್ವಾಳ ಮುಖ ನೋಡಿದ, ಅವಳು ಬೇರೆ ಕಡೆ ನೋಡಿದಳು. ಅವನು ಮೆಲ್ಲಗೆ ಹೋಗಿ ಯಂತ್ರ ಹತ್ತಿದ. ಇಂಜಿನ್ನು ಗುರ್ ಎಂದಿತು.

“ಬರ್ಡೀನ ಕೇಳಿದ್ದೆ ಕಣಮ್ಮ,” ಎಂದಳು ಅಯೋನಿ, ಮಾರ್ವಾಳ ಪಕ್ಕಕ್ಕೆ ಬಂದು. “ನಿನ್ ಪಾಳಿ ಬಂದಾಗ ಯಾರೇ ಹಾಡು ಎತ್ತೋರು ಅಂತ. ಯಾರಿಗೆ ನಾಚಿಕೆ ಬಿಟ್ಟು ಹೋಗುತ್ತೋ ಅವ್ರು ಎತ್ತಲಿ ಬಿಡು ಅಂತ ನಕ್ಕುಬಿಟ್ಲು.”

*

ಮಾರ್ವಾ ಹನ್ನೊಂದು ವರ್ಷದವಳಾಗಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅವಳ ಬಳಿ ತಾಯಿಯ ಮುಖದ ನೆನಪಿರಲಿಲ್ಲ. ತಾಯಿಯ ಬಳಿ ಇದ್ದದ್ದೂ ಐದು ವರ್ಷದ ಮಗುವಿನ ಫೋಟೋ ಒಂದೇ. ಆ ವಿಮಾನದಲ್ಲಿ ಅಂಥ ಹುಡುಗಿಯರು ಹನ್ನೆರಡು ಹದಿಮೂರು ಜನ. ಎಲ್ಲರಿಗೂ ಹುಲ್ಲಿನ ಟೋಪಿ, ಬಿಳಿ ಕಾಲುಚೀಲ, ಚಳಿಗೆ ಏನೂ ಸಾಲದ ಜಾಲರಿ ಲಂಗ.

ಬರ್ಡಿ ಓಡಿ ಬಂದು ಒಬ್ಬಳನ್ನು ಅಪ್ಪಿ ಮುದ್ದಿಟ್ಟಳು.

“ನಾನು ಪೆಟುಲಾ,” ಎಂದಿತು ಆ ಹುಡುಗಿ.

ಇನ್ನೊಬ್ಬಳನ್ನು ಅಪ್ಪಿದಳು. ಅವಳ ನಿಜವಾದ ತಾಯಿ ಬಂದು ಮಗಳನ್ನು ಬಿಡಿಸಿಕೊಂಡಳು. ಸುತ್ತ ಎಲ್ಲರೂ ತಮ್ಮತಮ್ಮವರನ್ನು ಹುಡುಕಿ ತಬ್ಬಿಕೊಂಡು ಅಳುತ್ತಿದ್ದರು. ಬರ್ಡಿ ಸಭಾಂಗಣದ ನಟ್ಟನಡುವೆ ಕೈಚೀಲ ನೆಲಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ, ಹಾಡು ಎತ್ತಿದಳು. ಆಚೆ ದಡದವರೇ, ದೀಪ ಎತ್ತಿ ಹಿಡಿಯಿರಿ.

ಪೆಟ್ಟಿಗೆಯ ಮೇಲೆ ಕೂತಿದ್ದ ಮಾರ್ವಾಳಿಗೆ ಮೈಯೆಲ್ಲ ಜುಮ್ಮೆಂದಿತು. ನಿನ್ನಮ್ಮ ಹೀಗೇ ಹಾಡ್ತಿದ್ಲು ಎಂದು ಅಜ್ಜಿ ಪಾತ್ರೆ ತೊಳೆಯುವಾಗಲೆಲ್ಲ ಅಣಕಿಸಿ ನಗಿಸುತ್ತಿದ್ದ ಸ್ವರ ಅದು. ಎರಡನೇ ಸಾಲು ದಡಕ್ಕನೆ ಜಾರಿದಾಗ ಅನುಮಾನವೇ ಉಳಿಯಲಿಲ್ಲ. ಆದರೆ ಜನರೆಲ್ಲ ತಿರುಗಿ ನೋಡುತ್ತಿದ್ದರು. ಪೊಲೀಸಿನವನೊಬ್ಬ ಮೀಸೆಯ ಅಡಿಯಲ್ಲಿ ನಗುತ್ತಿದ್ದ. ಹುಡುಗಿ ನಾಚಿಕೆಯಿಂದ ಕಂಬದ ಹಿಂದೆ ಸರಿದಳು. ಬರ್ಡಿ ಹಾಡು ಮುಗಿಸಿ, ಸುತ್ತ ನೋಡಿ, ಮೊದಲಿನಿಂದ ಮತ್ತೆ ಎತ್ತಿದಳು, ಈ ಸಲ ಇನ್ನೂ ಗಟ್ಟಿಯಾಗಿ. ಮಗಳು ಬರುವ ತನಕ ಅವಳು ನಿಲ್ಲಿಸುವವಳಲ್ಲ ಎಂದು ಖಾತ್ರಿಯಾದ ಮೇಲೆ ಮಾರ್ವಾ ಹೊರಗೆ ಬಂದಳು.

“ಸಾಕು, ನಿಲ್ಸಿ. ನಾನೇ ಮಾರ್ವಾ.”

ಆಮೇಲಿನ ಅಪ್ಪುಗೆಯಲ್ಲಿ ಹುಡುಗಿಯ ಟೋಪಿ ಜಜ್ಜಿಹೋಯಿತು.

ಮನೆಗೆ ಬಂದರೆ ಅಲ್ಲಿ ಮೂರು ವರ್ಷದ ತಮ್ಮನಿದ್ದ, ಅಮ್ಮನ ತೊಡೆಯ ಮೇಲೆ ಹುಟ್ಟಿನಿಂದ ಕೂತವನು. ಮಾರ್ವಾ ಚೆನ್ನಾಗಿ ಓದಿದಳು, ಮೇಷ್ಟ್ರುಗಳು ದಡ್ಡಿಯೆಂದು ಹಿಂದಿನ ಬೆಂಚಿಗೆ ಹಾಕಿದರೂ ಮುಂದಕ್ಕೆ ಬಂದಳು, ಅಂಥ ಮಕ್ಕಳೇ ತುಂಬಿದ ಶಾಲೆಗೆ ಹೆಡ್‌ಮಿಸ್ ಆದಳು. ಬರ್ಡಿ ಹಿಗ್ಗಿ ಹೀರೇಕಾಯಾದಳು. ಆದರೂ ತಾನು ಈ ಮನೆಗೆ ತಡವಾಗಿ ಬಂದ ನೆಂಟಳು ಎಂಬ ಭಾವನೆ ಮಾರ್ವಾಳನ್ನು ಬಿಡಲಿಲ್ಲ. ತಾಯಿಯ ಮೂಗು ತಮ್ಮನಿಗೆ ಬಂದಿತ್ತು, ನಗು ಕೆಜಾಯಾಳಿಗೆ ಬಂದಿತ್ತು. ತನಗೆ ಬಂದದ್ದು ಒಂದೇ ಒಂದು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಮೂವತ್ತು ವರ್ಷ ಬರೀ ತುಟಿ ಆಡಿಸಿದ್ದಳು.

*

ಯಂತ್ರ ಮಣ್ಣಿನ ರಾಶಿಯ ಹತ್ತಿರ ಬಂದು ನಿಂತಿತು. ಅದರ ಬಕೆಟ್ಟು ಮೇಲಕ್ಕೆದ್ದಿತು. ಲಿನ್ವಲ್ ತಲೆ ತಗ್ಗಿಸಿದ.

ಮಾರ್ವಾ ಎಡಕ್ಕೆ ಹೋದಳು. ಅವಳ ಬೂಟಿನ ಎತ್ತರದ ಹಿಮ್ಮಡಿ ಹಸಿ ನೆಲದಲ್ಲಿ ಹೂತುಕೊಂಡಿತು. ಬೂಟು ಅಲ್ಲಿಯೇ ಬಿಟ್ಟು ಬರೀ ಕಾಲುಚೀಲದಲ್ಲಿ ಹುಲ್ಲಿನ ಮೇಲೆ ನಿಂತಳು. ಇನ್ನೂರು ಜನ ನೋಡುತ್ತಿದ್ದರು. ಅವರಲ್ಲಿ ಅವಳ ಹಳೆಯ ವಿದ್ಯಾರ್ಥಿಗಳಿದ್ದರು, ಶಾಲೆಯ ಸಹೋದ್ಯೋಗಿಗಳಿದ್ದರು. ಅಲ್ಲಿ ಒಂದು ಕಂಬವಿದ್ದಿದ್ದರೆ ಈಗಲೂ ಹಿಂದೆ ಸರಿಯುತ್ತಿದ್ದಳು. ಆದರೆ ಸಭಾಂಗಣದ ನಡುವೆ ಕೈಚೀಲ ನೆಲಕ್ಕಿಟ್ಟು ನಿಂತಿದ್ದ ಹೆಂಗಸು ಕಣ್ಣಿಗೆ ಕಟ್ಟಿತು. ಅವತ್ತು ಅವಳು ಕೂಗಿದ್ದು ತನ್ನನ್ನು. ಇವತ್ತು ತಾನು ಕೂಗದಿದ್ದರೆ ಅಷ್ಟು ಜನರ ನಡುವೆ ಅವಳಿಗೆ ಮಗಳು ಯಾರೆಂದು ಹೇಗೆ ತಿಳಿಯಬೇಕು?

ಮಾರ್ವಾ ಕೈಚೀಲ ನೆಲಕ್ಕಿಟ್ಟು ಬಾಯಿ ತೆರೆದಳು.

ಆಚೆ ದಡದವರೇ, ದೀಪ ಎತ್ತಿ ಹಿಡಿಯಿರಿ!

ಮರದ ಮೇಲಿನ ಕಾಗೆಗಳು ಒಟ್ಟಿಗೆ ಹಾರಿದವು. ಮುಂದಿನ ಸಾಲಿನ ಮಗುವೊಂದು ಕಿವಿ ಮುಚ್ಚಿಕೊಂಡಿತು. ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಅದೇ ಮೇಕೆ, ಅದೇ ಬೇಲಿ!

“ಬರ್ಡಿ!” ಎಂದು ಕಿರುಚಿದಳು ಅಯೋನಿ, ಟೋಪಿ ಹಿಡಿದುಕೊಂಡು. “ಅಯ್ಯಯ್ಯೋ, ಬರ್ಡಿ ಎದ್ದು ಬಂದವ್ಳೆ! ಲೇ ಮಾರ್ವಾ, ಎಲ್ಲಿ ಬಚ್ಚಿಟ್ಟಿದ್ಯೇ ಇದನ್ನ ಇಷ್ಟು ದಿನ?”

ನಾನಿಲ್ಲಿದ್ದೇನೆ, ನನ್ನ ನೋಡಿರಿ. ಮಾರ್ವಾಳ ಸ್ವರ ಮೇಲಕ್ಕೇರಬೇಕಾದ ಕಡೆ ದಡಕ್ಕನೆ ಕೆಳಗೆ ಜಾರಿತು. ಇನ್ನೂರು ಗಂಟಲುಗಳು ಅವಳ ಜೊತೆಗೇ ಜಾರಿದವು. ಕಥ್‌ಬರ್ಟನ ಹಳದಿ ಹಿಡಿಯ ಸಲಿಕೆ ಮಣ್ಣಿಗೆ ನುಗ್ಗಿತು.

“ಹಾಂ! ಇದು ಹಾಡು!” ಎಂದು ಅವನು ಕೂಗಿದ. “ಬನ್ರೋ, ಕೈ ತನಗೆ ತಾನೇ ಏಳ್ತದೆ ನೋಡಿ! ಇಂಥ ಹಾಡು ಕೇಳಿ ಸುಮ್ನೆ ನಿಲ್ಲೋಕಾಗುತ್ತಾ? ಬೇಗ ಮುಗ್ಸಿ ಓಡೋಣ ಅನ್ಸುತ್ತೆ!”

ನಗೆಯ ಅಲೆಯೇ ಎದ್ದಿತು. ಸಲಿಕೆಗಳು ಹಾಡಿನ ಹೆಜ್ಜೆಗೆ ಬಿದ್ದವು. ಒಬ್ಬ ದಣಿದರೆ ಇನ್ನೊಬ್ಬ ಅವನ ಕೈಯಿಂದ ಕಿತ್ತುಕೊಂಡ. ಇಂಜಿನಿಯರ್ ಲಿನ್ವಲ್ ಅಂಗಿಯೆಲ್ಲ ಕೆಸರು ಮಾಡಿಕೊಂಡು ಅಳುತ್ತಾ ನಗುತ್ತಾ ಮಣ್ಣು ಎಳೆದ. ಕೆಜಾಯಾ ಅತ್ತೆಯ ಪಕ್ಕದಲ್ಲಿ ನಿಂತು ಅವಳ ತುಟಿಯನ್ನೇ ನೋಡುತ್ತಾ ಹಾಡಿದಳು. ನಾಲ್ಕನೇ ಸುತ್ತಿಗೆ ಕೊನೆಗೂ ಅವಳ ಸ್ವರವೂ ಜಾರಿತು, ಅಯೋನಿ ಚಪ್ಪಾಳೆ ತಟ್ಟಿದಳು. ಡೆರೆಕ್ ಇಂಜಿನ್ನು ಆರಿಸಿ ಕೂತು ನೋಡಿದ. ಆಮೇಲೆ ಕೆಳಗಿಳಿದು ಬಂದ.

“ಒಂದು ಸಲಿಕೆ ಉಳಿದಿದ್ಯಾ ಸಾರ್?”

ಕಥ್‌ಬರ್ಟ್ ಅವನ ಮುಖ ನೋಡಿದ. ಆಮೇಲೆ ಹಳದಿ ಹಿಡಿಯ ಸಲಿಕೆಯನ್ನು ಅವನ ಕೈಗೆ ಕೊಟ್ಟ. “ಹುಷಾರು. ಹೆಂಡತಿ ಇದ್ದಂಗೆ ಅದು.”

ಬೆಳಕು ಪೂರ್ತಿ ಹೋಗುವ ಮೊದಲೇ ದಿಬ್ಬ ಎದ್ದು ನಿಂತಿತು. ಹೂವಿನ ಹಾರಗಳನ್ನು ಸಿಕ್ಕಿಸಿದರು. ಅಯೋನಿ ಚೀಲಕ್ಕೆ ಕೈ ಹಾಕಿ ಶುಂಠಿಯ ಕಾಗದ ಬಿಚ್ಚಿ ಮಾರ್ವಾಳ ಬಾಯಿಗೆ ಇಟ್ಟಳು.

“ಜಗಿ. ಮುಂದಿನ ವಾರ ನಮ್ಮ ಚರ್ಚಿನ ಎನಿಡ್ ಗಂಡನ ಮಣ್ಣು ಇದೆ. ಗಂಟಲು ಬೇಕು.”

ಮಾರ್ವಾ ಏನೋ ಹೇಳಲು ಹೋದಳು. ಗಂಟಲು ಕಟ್ಟಿಹೋಗಿತ್ತು, ಗಾಳಿ ಮಾತ್ರ ಬಂತು. ಅವಳು ತಲೆಯಾಡಿಸಿ ಶುಂಠಿ ಜಗಿದಳು. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿತು, ಎದೆಯಲ್ಲಿ ಮಾತ್ರ ಹೇಳಲಾಗದಷ್ಟು ಸಂತೋಷವಿತ್ತು.

ಮೇಕೆ ಸಾರು ಕಾಯುತ್ತಿದೆ ಎಂದು ಜನ ಕಾರುಗಳ ಕಡೆ ನುಗ್ಗಿದರು. ಮಾರ್ವಾ ಕೆಸರಿನ ಕಾಲುಚೀಲದಲ್ಲಿ, ಬೂಟು ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಹಿಂದೆ ನಡೆದಳು. ಅವಳ ಪಕ್ಕದಿಂದ ಪುಟ್ಟ ಜೆಸಿಬಿ ಶೆಡ್ಡಿಗೆ ಹಿಂದಿರುಗುತ್ತಿತ್ತು, ಮಣ್ಣು ಸೋಕದ ಬಕೆಟ್ಟನ್ನು ಎತ್ತಿಕೊಂಡು. ಡೆರೆಕ್ ತನಗೇ ಗೊತ್ತಿಲ್ಲದೆ ಸಿಳ್ಳೆ ಹಾಕುತ್ತಿದ್ದ. ಎರಡನೇ ಸಾಲಿಗೆ ಬಂದಾಗ ಅವನ ಸಿಳ್ಳೆ ಮೇಲೇರದೆ ದಡಕ್ಕನೆ ಕೆಳಗೆ ಜಾರಿತು.